ಇದೇ ಆ ಬಸ್ಸು ಅಂತ ಹೇಳೋದು ಹೇಗೆ? ನಂಬರ್ 2857ರ ಪ್ರಕರಣ

ಅಮೆರಿಕದ ಅಲಬಾಮಾ ರಾಜ್ಯದ ಒಂದು ಹೊಲದಲ್ಲಿ ಸುಮಾರು ಮೂವತ್ತು ವರ್ಷ ಒಂದು ಹಳೇ ಬಸ್ಸು ನಿಂತಿತ್ತು. ಕಿಟಕಿಗೆ ಗಾಜಿಲ್ಲ, ಮೈಯೆಲ್ಲ ತುಕ್ಕು, ಒಳಗೆ ಮರದ ಹಲಗೆ, ಹತಾರ. ಮಾಲೀಕರಿಗೆ ಅದು ಉಗ್ರಾಣ, ಅಷ್ಟೇ. ಗುಜರಿಗೆ ಹಾಕಿದ್ದರೆ ತೂಕದ ದುಡ್ಡು ಬರುತ್ತಿತ್ತು. 2001ರ ಅಕ್ಟೋಬರ್‌ನಲ್ಲಿ ಅದೇ ಬಸ್ಸು ಇಂಟರ್‌ನೆಟ್ ಹರಾಜಿನಲ್ಲಿ 4,92,000 ಡಾಲರ್‌ಗೆ ಹೋಯಿತು.

ಕೊಂಡವರು ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿರುವ ಹೆನ್ರಿ ಫೋರ್ಡ್ ಮ್ಯೂಸಿಯಂನವರು. ಕಾರಣ ನಿಮಗೆ ಗೊತ್ತೇ ಇರುತ್ತೆ. 1955ರ ಡಿಸೆಂಬರ್ 1ರ ಸಂಜೆ ಅದೇ ಅಲಬಾಮಾದ ಮಾಂಟ್‌ಗಮರಿ ಪಟ್ಟಣದಲ್ಲಿ ರೋಸಾ ಪಾರ್ಕ್ಸ್ ಅನ್ನೋ ಕಪ್ಪು ಮಹಿಳೆ ಬಿಳಿಯನಿಗೆ ಸೀಟು ಬಿಟ್ಟು ಏಳಲ್ಲ ಅಂದದ್ದು ಈ ಬಸ್ಸಿನಲ್ಲಿ ಅನ್ನುತ್ತಾರೆ. ಅನ್ನುತ್ತಾರೆ, ಸರಿ. ಆದರೆ ಒಂದೇ ಮಾಡೆಲ್ಲಿನ, ಒಂದೇ ಬಣ್ಣದ ಬಸ್ಸುಗಳ ನಡುವೆ ಇದೇ ಅದು ಅಂತ ನಲವತ್ತಾರು ವರ್ಷದ ಮೇಲೆ ಹೇಗೆ ಗೊತ್ತುಮಾಡೋದು? ಗೊತ್ತಾಯ್ತು ಅಂತಲೇ ಇಟ್ಕೊಳ್ಳಿ, ಆ ಬಸ್ಸು ನಮಗೆ ಏನನ್ನು ತೋರಿಸುತ್ತೆ? ಈ ಎರಡು ಪ್ರಶ್ನೆಗೋಸ್ಕರ ಪ್ರಕರಣವನ್ನು ಮೊದಲಿಂದ ನೋಡೋಣ.

ಬಸ್ಸಿನೊಳಗಿನ ಲೆಕ್ಕ

2857 ನಂಬರಿನ ಈ ಬಸ್ಸು 1948ರದ್ದು. ಜನರಲ್ ಮೋಟರ್ಸ್‌ನವರು ಮಿಷಿಗನ್ನಿನ ಪಾಂಟಿಯಾಕ್‌ನಲ್ಲಿ ತಯಾರಿಸಿದ್ದು. ಮಾಡೆಲ್ ಹೆಸರು ಟಿಡಿಎಚ್-3610, ಅದರಲ್ಲಿರುವ 36 ಅಂದರೆ ಸೀಟುಗಳ ಸಂಖ್ಯೆ. ಮೊದಲು ಇಂಡಿಯಾನಾದ ಟೆರ್ರೆ ಹೋಟ್ ಅನ್ನೋ ಊರಲ್ಲಿ ಓಡಿ ಆಮೇಲೆ ಮಾಂಟ್‌ಗಮರಿಗೆ ಬಂತು. ಓಡಿಸುತ್ತಿದ್ದದ್ದು ಮಾಂಟ್‌ಗಮರಿ ಸಿಟಿ ಲೈನ್ಸ್. ಸರ್ಕಾರದ್ದಲ್ಲ, ಶಿಕಾಗೋದ ನ್ಯಾಷನಲ್ ಸಿಟಿ ಲೈನ್ಸ್ ಅನ್ನೋ ಖಾಸಗಿ ಕಂಪನಿಯ ಕೈಕೆಳಗಿನದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

36 ಸೀಟು ಹೇಗೆ ಹಂಚಿದ್ದರು ಅಂದರೆ, ಮುಂದಿನ 10 ಬಿಳಿಯರಿಗೆ. ಬಸ್ಸಿನಲ್ಲಿ ಒಬ್ಬ ಬಿಳಿಯನೂ ಇಲ್ಲದಿದ್ದರೂ ಅವು ಖಾಲಿಯೇ ಇರಬೇಕು, ಕಪ್ಪು ಜನ ಅದರ ಪಕ್ಕದಲ್ಲೇ ನಿಂತುಕೊಂಡು ಹೋಗಬೇಕು. ಹಿಂದಿನ 10 ಕಪ್ಪು ಜನರಿಗೆ. ನಡುವಿನ 16 ಯಾರದ್ದು? ಡ್ರೈವರ್ ಹೇಳಿದವರದ್ದು. ಅಲ್ಲಿ ಗೋಡೆಯಿಲ್ಲ, ಸರಳಿಲ್ಲ. ಗೆರೆ ಇದ್ದದ್ದು ಡ್ರೈವರ್ ಬಾಯಲ್ಲಿ. ಮುಂದಿನ ಸ್ಟಾಪಿನಲ್ಲಿ ನಾಲ್ಕು ಬಿಳಿಯರು ಹತ್ತಿದರೆ ಗೆರೆ ಹಿಂದಕ್ಕೆ ಹೋಗುತ್ತೆ, ಕೂತಿದ್ದವರು ಏಳುತ್ತಾರೆ. ಒಂದೇ ಸಾಲಿನಲ್ಲಿ ಇಬ್ಬರೂ ಕೂರುವ ಹಾಗಿಲ್ಲ, ನಡುವೆ ಓಡಾಡುವ ಜಾಗ ಇದ್ದರೂ ಇಲ್ಲ. ಹಾಗಾಗಿ ಒಬ್ಬ ಬಿಳಿಯ ಕೂರೋದಕ್ಕೆ ನಾಲ್ಕು ಜನ ಕಪ್ಪಿನವರು ಎದ್ದೇಳಬೇಕು.

ಇನ್ನೊಂದು ಅವಮಾನ ಬಾಗಿಲಿನದು. ಮುಂದಿನ ಬಾಗಿಲಲ್ಲಿ ಹತ್ತಿ ದುಡ್ಡು ಕೊಡಬೇಕು, ಇಳಿಯಬೇಕು, ಹಿಂದಿನ ಬಾಗಿಲಿಗೆ ಹೋಗಿ ಮತ್ತೆ ಹತ್ತಬೇಕು. ಅಷ್ಟರಲ್ಲಿ ಡ್ರೈವರ್ ಬಸ್ ಬಿಟ್ಟರೆ ನಿಮ್ಮ ದುಡ್ಡೂ ಹೋಯ್ತು, ಬಸ್ಸೂ ಹೋಯ್ತು. ಎಲ್ಲ ಡ್ರೈವರ್‌ಗಳೂ ಹೀಗೆ ಮಾಡಿಸುತ್ತಿರಲಿಲ್ಲ, ಕೆಲವರು ಮಾಡಿಸುತ್ತಿದ್ದರು. 1943ರಲ್ಲಿ ರೋಸಾ ಪಾರ್ಕ್ಸ್ ಮುಂದಿನಿಂದ ಹತ್ತಿ ಒಳಗೇ ನಡೆದು ಹೋದದ್ದಕ್ಕೆ ಜೇಮ್ಸ್ ಬ್ಲೇಕ್ ಅನ್ನೋ ಡ್ರೈವರ್ ಅವರನ್ನು ಕೆಳಗಿಳಿಸಿದ. ಅವರು ಇಳಿದರು, ಮತ್ತೆ ಆ ಬಸ್ ಹತ್ತಲಿಲ್ಲ. ಆಮೇಲೆ ಹನ್ನೆರಡು ವರ್ಷ ಆತ ಓಡಿಸುವ ಬಸ್ಸು ಅಂತ ಕಂಡರೆ ಬಿಟ್ಟುಬಿಡುತ್ತಿದ್ದರು. ಡಿಸೆಂಬರ್ 1ರಂದು ಮಾತ್ರ ಡ್ರೈವರ್ ಯಾರು ಅಂತ ನೋಡದೆ ಹತ್ತಿದರು. ಸೀಟಲ್ಲಿದ್ದದ್ದು ಬ್ಲೇಕ್.

ಆ ಸಂಜೆ

ಪಾರ್ಕ್ಸ್‌ಗೆ ಆಗ 42 ವರ್ಷ. ಮಾಂಟ್‌ಗಮರಿ ಫೇರ್ ಅನ್ನೋ ದೊಡ್ಡ ಅಂಗಡಿಯಲ್ಲಿ ಹೊಲಿಗೆ ಕೆಲಸ. ಕೆಲಸ ಮುಗಿಸಿ ಕ್ಲೀವ್‌ಲ್ಯಾಂಡ್ ಅವೆನ್ಯೂ ಬಸ್ ಹತ್ತಿ ನಡುವಿನ ಭಾಗದ ಮೊದಲ ಸಾಲಲ್ಲಿ ಕೂತರು. ಅವರು ಬಿಳಿಯರ ಸೀಟಿನಲ್ಲಿ ಕೂತಿದ್ದರು ಅಂತ ಇವತ್ತಿಗೂ ಎಷ್ಟೋ ಕಡೆ ಬರೀತಾರೆ. ಅದು ತಪ್ಪು, ನಡುವಿನ ಭಾಗದಲ್ಲಿ ಕೂರೋದಕ್ಕೆ ಅವರಿಗೆ ಅವಕಾಶ ಇತ್ತು. ಎಂಪೈರ್ ಥಿಯೇಟರ್ ಸ್ಟಾಪಿನಲ್ಲಿ ಬಿಳಿಯರು ಹತ್ತಿದರು, ಮುಂದಿನ ಸೀಟು ತುಂಬಿತು, ಒಬ್ಬ ನಿಂತುಕೊಂಡ. ಆ ಸಾಲಿನ ನಾಲ್ವರೂ ಏಳಿ ಅಂದ ಬ್ಲೇಕ್. ಮೂವರು ಎದ್ದರು. ಪಾರ್ಕ್ಸ್ ಕಿಟಕಿ ಕಡೆಗೆ ಸರಿದು ಕೂತರು. ಆತ ಪೊಲೀಸರನ್ನು ಕರೀತೀನಿ ಅಂದದ್ದಕ್ಕೆ ಇವರು ಕರೀರಿ ಅಂದರು, ಅರೆಸ್ಟ್ ಆದರು.

ಇಲ್ಲಿ ಕಾನೂನಿನ ಒಂದು ಸಾಲನ್ನು ಹತ್ತಿರದಿಂದ ನೋಡಬೇಕು. ಮಾಂಟ್‌ಗಮರಿ ನಗರದ ನಿಯಮಾವಳಿಯ 6ನೇ ಅಧ್ಯಾಯದ 10 ಮತ್ತು 11ನೇ ಸೆಕ್ಷನ್ ಬಸ್ಸಿನ ಸೀಟಿನ ಬಗ್ಗೆ ಇತ್ತು. 10ನೆಯದು ಬಿಳಿಯರನ್ನೂ ಕಪ್ಪಿನವರನ್ನೂ ಬೇರೆ ಬೇರೆ ಕೂರಿಸಬೇಕು ಅನ್ನುತ್ತೆ. ಒಂದು ವಿನಾಯಿತಿಯೂ ಇದೆ ನೋಡಿ: ಬಿಳಿಯರ ಮಗುವನ್ನೋ ಕಾಯಿಲೆಯವರನ್ನೋ ನೋಡಿಕೊಳ್ಳುವ ಕಪ್ಪು ಆಯಾ ಆದರೆ ಬಿಳಿಯರ ನಡುವೆ ಕೂರಬಹುದು. ಅಂದರೆ ಪಕ್ಕದಲ್ಲಿ ಕೂತದ್ದೇ ತೊಂದರೆ ಅಲ್ಲ, ಸಮವಾಗಿ ಕೂತದ್ದು ತೊಂದರೆ. 11ನೆಯದು ಡ್ರೈವರ್‌ಗೆ ಪೊಲೀಸ್ ಅಧಿಕಾರ ಕೊಡುತ್ತೆ. ಆತ ಹೇಳಿದ ಸೀಟಿಗೆ ಹೋಗದಿದ್ದರೆ ಅಪರಾಧ. ಆದರೆ ಅದರ ಬಾಲಕ್ಕೆ ಒಂದು ಮಾತು ಅಂಟಿಕೊಂಡಿದೆ: ಆ ಜನಾಂಗಕ್ಕೆ ಗೊತ್ತುಮಾಡಿದ ಕಡೆ ಸೀಟು ಖಾಲಿ ಇದ್ದರೆ.

ಆ ಸಂಜೆ ಹಿಂದೆ ಸೀಟು ಖಾಲಿ ಇರಲಿಲ್ಲ. ಜನ ನಿಂತಿದ್ದರು. ನಗರದ ಕಾನೂನಿನ ಪ್ರಕಾರ ಪಾರ್ಕ್ಸ್ ತಪ್ಪೇ ಮಾಡಿರಲಿಲ್ಲ! ಡಿಸೆಂಬರ್ 5ರ ವಿಚಾರಣೆಯಲ್ಲಿ ಸರ್ಕಾರಿ ವಕೀಲರಿಗೆ ಇದು ಗೊತ್ತಿತ್ತು ಅಂತ ಕಾಣುತ್ತೆ, ಯಾಕಂದರೆ ನಗರದ ನಿಯಮ ಬಿಟ್ಟು ಡ್ರೈವರ್ ಹೇಳಿದ್ದೇ ಕೊನೆ ಅನ್ನುವ ರಾಜ್ಯದ ಕಾನೂನನ್ನು ಹಿಡಿದುಕೊಂಡರು. 10 ಡಾಲರ್ ದಂಡ, 4 ಡಾಲರ್ ಕೋರ್ಟು ಖರ್ಚು. ಎಷ್ಟೋ ವರ್ಷದ ಮೇಲೂ ಬ್ಲೇಕ್ ಹೇಳುತ್ತಿದ್ದದ್ದು ಒಂದೇ, ನಾನು ನನ್ನ ಕೆಲಸ ಮಾಡಿದೆ, ಆಕೆ ನಗರದ ನಿಯಮ ಮುರಿದಿದ್ದರು ಅಂತ. ಕಾಗದ ಬೇರೆ ಹೇಳುತ್ತೆ.

ಪೊಲೀಸ್ ವರದಿಯೂ ಉಳಿದಿದೆ. ಬಸ್ಸಿನ ಬಿಳಿಯರ ಭಾಗದಲ್ಲಿ ಕಪ್ಪು ಹೆಂಗಸು ಕೂತಿದ್ದಾಳೆ, ಹಿಂದೆ ಹೋಗುತ್ತಿಲ್ಲ ಅಂತ ಡ್ರೈವರ್ ಹೇಳಿದ್ದನ್ನು ಬರೆದುಕೊಂಡಿದ್ದಾರೆ. ಸ್ವಲ್ಪ ಹೊತ್ತಿನ ಹಿಂದೆ ಆಕೆ ಹತ್ತಿ ಕೂತಾಗ ಅದು ಬಿಳಿಯರ ಭಾಗ ಆಗಿರಲಿಲ್ಲ. ಬ್ಲೇಕ್ ಬಾಯಿ ಬಿಟ್ಟ ಮೇಲೆ ಆಯಿತು, ಪೊಲೀಸರು ಬರುವ ಹೊತ್ತಿಗೆ ದಾಖಲೆಯೂ ಆಯಿತು. ಈ ಇಡೀ ವ್ಯವಸ್ಥೆ ಹೇಗೆ ನಡೆಯುತ್ತಿತ್ತು ಅಂತ ಯಾರಾದರೂ ಕೇಳಿದರೆ ನಾನು ಬಸ್ಸನ್ನಲ್ಲ, ಆ ಒಂದು ಸಾಲನ್ನು ತೋರಿಸುತ್ತೇನೆ.

381 ದಿನ, ಸುಮ್ನೆ ಆದದ್ದಲ್ಲ

ಆ ಅರೆಸ್ಟ್ ಆದ ಮೇಲೆ ಮಾಂಟ್‌ಗಮರಿಯ ಕಪ್ಪು ಜನ 381 ದಿನ ಬಸ್ಸು ಹತ್ತದೆ ಬಹಿಷ್ಕಾರ ನಡೆಸಿದರು. ಆ ಕಥೆ ಎಲ್ಲರಿಗೂ ಗೊತ್ತಿರೋದರಿಂದ ಬೇಗ ದಾಟುತ್ತೇನೆ. ಆದರೆ ಒಂದೆರಡು ಸಂಗತಿ ಬಿಟ್ಟರೆ ಪ್ರಕರಣ ಅರ್ಧ ಆಗುತ್ತೆ.

ಪಾರ್ಕ್ಸ್ ಮೊದಲನೆಯವರಲ್ಲ. ಅದೇ ವರ್ಷ ಮಾರ್ಚ್ 2ರಂದು 15 ವರ್ಷದ ಕ್ಲಾಡೆಟ್ ಕಾಲ್ವಿನ್ ಹೀಗೇ ಏಳದೆ ಕೂತು ಅರೆಸ್ಟ್ ಆಗಿದ್ದರು. ಅಕ್ಟೋಬರ್‌ನಲ್ಲಿ ಮೇರಿ ಲೂಯಿಸ್ ಸ್ಮಿತ್. ಬಸ್ಸಿನ ಕಾನೂನನ್ನು ಕೊನೆಗೂ ಉರುಳಿಸಿದ ಬ್ರೌಡರ್ ವಿರುದ್ಧ ಗೇಯ್ಲ್ ಕೇಸಿನಲ್ಲಿ ಇವರಿಬ್ಬರೂ ಇದ್ದರು, ಜೊತೆಗೆ ಆರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್. ಪಾರ್ಕ್ಸ್ ಅದರಲ್ಲಿ ಇರಲಿಲ್ಲ, ಅವರ ಸ್ವಂತ ಕೇಸು ರಾಜ್ಯದ ಕೋರ್ಟಿನಲ್ಲಿ ಸಿಕ್ಕಿಕೊಂಡಿತ್ತು. 1956ರ ಜೂನ್ 5ರಂದು ಮೂವರು ಜಡ್ಜ್‌ಗಳ ಪೀಠ 2-1ರಲ್ಲಿ ತೀರ್ಪು ಕೊಟ್ಟಿತು, ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕಾಲ್ವಿನ್ ಹೆಸರಿನ ಆ ಹಳೇ ಪೊಲೀಸ್ ದಾಖಲೆ ಅಳಿಸಿದ್ದು 2021ರಲ್ಲಿ. ಅವರು ಕೂತಿದ್ದ ಬಸ್ಸಿಗೆ ಇಂಥ ಹರಾಜು, ಇಂಥ ಮ್ಯೂಸಿಯಂ ಸಿಗಲಿಲ್ಲ.

ಇನ್ನೊಂದು, ಕಂಪನಿಯ ವಿಷಯ. ಪ್ರಯಾಣಿಕರಲ್ಲಿ ನಾಲ್ಕರಲ್ಲಿ ಮೂರು ಭಾಗ ಕಪ್ಪು ಜನ. ಅವರು ಹತ್ತೋದು ನಿಲ್ಲಿಸಿದ ಮೇಲೆ ಕಂಪನಿ ಟಿಕೆಟ್ ದರವನ್ನು 10ರಿಂದ 15 ಸೆಂಟ್‌ಗೆ ಏರಿಸಿತು, ಸಾಲಲಿಲ್ಲ. 1956ರ ಏಪ್ರಿಲ್‌ನಲ್ಲಿ ಇನ್ನು ಮೇಲೆ ಯಾರು ಎಲ್ಲಿ ಬೇಕಾದರೂ ಕೂರಲಿ ಅಂತ ಕಂಪನಿಯೇ ಹೇಳಿತು. ನಗರದವರು ಕೋರ್ಟಿಗೆ ಹೋಗಿ ಕಂಪನಿಯ ಮೇಲೇ ಆದೇಶ ತಂದು ಬೇರ್ಪಡಿಕೆ ಮುಂದುವರಿಸಿದರು. ಮೊದಮೊದಲು ಬಹಿಷ್ಕಾರದವರು ಕೇಳಿದ್ದು ಬಹಳ ಕಡಿಮೆ: ಮರ್ಯಾದೆಯಿಂದ ಮಾತಾಡಿಸಿ, ಕಪ್ಪು ಜನ ಹಿಂದಿನಿಂದ ಬಿಳಿಯರು ಮುಂದಿನಿಂದ ಬಂದ ಹಾಗೆ ಕೂರಲಿ, ಕೂತವರನ್ನು ಎಬ್ಬಿಸಬೇಡಿ. ಅದೇ ರಾಜ್ಯದ ಮೊಬೀಲ್ ಊರಲ್ಲಿ ಆಗಲೇ ಹಾಗೆ ನಡೀತಿತ್ತು. ಅಷ್ಟನ್ನೂ ಕೊಡಲ್ಲ ಅಂದರು ಮಾಂಟ್‌ಗಮರಿಯವರು. ಕೊಟ್ಟಿದ್ದರೆ ಕಾನೂನು ಇನ್ನೂ ಎಷ್ಟು ವರ್ಷ ಉಳಿಯುತ್ತಿತ್ತೋ ಏನೋ.

ನಂಬರ್ ಎಲ್ಲಿ ಸಿಕ್ಕಿತು?

ಈಗ ಬಸ್ಸಿಗೆ ಬರೋಣ. ಬಹಿಷ್ಕಾರ ಮುಗಿದ ಮೇಲೂ 2857 ಓಡುತ್ತಲೇ ಇತ್ತು. ಯಾರೂ ಅದನ್ನು ಪಕ್ಕಕ್ಕೆ ತೆಗೆದಿಡಲಿಲ್ಲ, ತೆಗೆದಿಡಬೇಕು ಅಂತ ಆಗ ಯಾರಿಗೂ ಅನಿಸಲಿಲ್ಲ. 1970ರ ದಶಕದ ಮೊದಲಲ್ಲಿ ಹಳೇದಾಯಿತು ಅಂತ ಮಾರಿದರು. ಕೊಂಡ ವ್ಯಕ್ತಿಗೆ ಕಂಪನಿಯವರು ಇದು ರೋಸಾ ಪಾರ್ಕ್ಸ್ ಬಸ್ಸು ಅಂತ ಬಾಯಿಮಾತಲ್ಲಿ ಹೇಳಿದ್ದರು. ಆತ ಹೊಲದಲ್ಲಿ ನಿಲ್ಲಿಸಿಕೊಂಡ. ಆತ ತೀರಿಹೋದ ಮೇಲೆ ಅದು ಮಗಳು-ಅಳಿಯನಿಗೆ ಬಂತು, ಅವರು ಮಾರೋದಕ್ಕೆ ಹೊರಟರು.

ಬಾಯಿಮಾತಿಗೆ ಯಾರು ಲಕ್ಷಗಟ್ಟಲೆ ಡಾಲರ್ ಕೊಡ್ತಾರೆ, ಅಲ್ವಾ? ಇಲ್ಲಿ ಬರೋದು ಚಾರ್ಲ್ಸ್ ಕಮಿಂಗ್ಸ್. ಬಹಿಷ್ಕಾರದ ಕಾಲದಲ್ಲಿ ಮಾಂಟ್‌ಗಮರಿ ಬಸ್ ಸ್ಟೇಷನ್ನಿನ ಮ್ಯಾನೇಜರ್. ಆತ ಆ ದಿನಗಳ ಪೇಪರ್ ಕಟಿಂಗ್‌ಗಳನ್ನು ಒಂದು ಪುಸ್ತಕದಲ್ಲಿ ಅಂಟಿಸಿಡುತ್ತಿದ್ದ. ಅರೆಸ್ಟ್ ಸುದ್ದಿಯ ಪಕ್ಕದಲ್ಲಿ ಕೈಬರಹದಲ್ಲಿ 2857 ಅಂತ ಬರೆದಿದ್ದಾನೆ. ಇನ್ನೊಂದು ಕಡೆ ಬ್ಲೇಕ್ ಅಂತ ಬರೆದು ಅದರ ಜೊತೆಗೆ ಮತ್ತೆ 2857. ಅಷ್ಟೇ. ವಿವರಣೆ ಇಲ್ಲ, ಸಹಿ ಇಲ್ಲ. ಯಾವ ಬಸ್ಸು, ಯಾವ ಡ್ರೈವರ್ ಅಂತ ನೋಡಿಕೊಳ್ಳೋದೇ ಅವನ ಕೆಲಸ, ಆ ಅಭ್ಯಾಸದಲ್ಲಿ ಗೀಚಿಟ್ಟ ಹಾಗಿದೆ.

2001ರ ಸೆಪ್ಟೆಂಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಹರಾಜಿನ ಸುದ್ದಿ ಬಂತು, ಮ್ಯೂಸಿಯಂನವರು ಅದನ್ನು ಓದಿ ಎದ್ದು ಕೂತರು. ಆ ಪುಸ್ತಕವನ್ನು ದಾಖಲೆ ಪರೀಕ್ಷೆ ಮಾಡುವ ತಜ್ಞರಿಂದ ನೋಡಿಸಿದರು. ಆಮೇಲೆ ಹರಾಜಿಗೆ ಇಳಿದರು. ಎದುರಿಗೆ ವಾಷಿಂಗ್ಟನ್‌ನಲ್ಲಿ ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆಯೂ ಡೆನ್ವರ್ ನಗರವೂ ಇತ್ತು.

ಈ ಪುರಾವೆ ಸಾಕಾ? ನನ್ನ ಪ್ರಕಾರ ಸಾಕು, ಒಂದು ಕಾರಣಕ್ಕೆ. ಅದನ್ನು ಬರೆದವನಿಗೆ ಸುಳ್ಳು ಬರೆದು ಏನೂ ಸಿಗುತ್ತಿರಲಿಲ್ಲ. 1955ರಲ್ಲಿ ಆ ನಂಬರಿಗೆ ಬೆಲೆಯೇ ಇರಲಿಲ್ಲ. ಹೊಲದ ಮಾಲೀಕರು ಹೇಳಿದ್ದು ಒಂದೇ ಆಗಿದ್ದರೆ ಅನುಮಾನ ಪಡಬಹುದಿತ್ತು, ಕಮಿಂಗ್ಸ್ ಬರೆದದ್ದು ಒಂದೇ ಆಗಿದ್ದರೆ ಬಸ್ಸೇ ಸಿಗುತ್ತಿರಲಿಲ್ಲ. ಎರಡು ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ನಂಬರಿನಲ್ಲಿ ಕೂಡಿಕೊಂಡವು. ಕೋರ್ಟಿನಲ್ಲಿ ಸಂಶಯಾತೀತ ಅನ್ನುವ ಮಟ್ಟಕ್ಕೆ ಹೋಗುತ್ತಾ ಅಂದರೆ ವಕೀಲರು ಜಗಳ ಆಡಬಹುದು. ಇತಿಹಾಸಕ್ಕೆ ಇಷ್ಟು ಗಟ್ಟಿ ಪುರಾವೆ ಸಿಗೋದೇ ಅಪರೂಪ.

ಹೊಸದಾದ ಹಳೇ ಬಸ್ಸು

ಕೊಂಡದ್ದನ್ನು ಹಾಗೇ ನಿಲ್ಲಿಸಲಿಲ್ಲ. ಸರ್ಕಾರದಿಂದ 2,05,000 ಡಾಲರ್ ಅನುದಾನ ಬಂತು, ಒಟ್ಟು ಖರ್ಚು 3 ಲಕ್ಷ ದಾಟಿತು. 1955ರಲ್ಲಿ ಹೇಗಿತ್ತೋ ಹಾಗೆ ಮಾಡಬೇಕು ಅನ್ನೋದು ಗುರಿ. ಅದೇ ಮಾಡೆಲ್ಲಿನ ಬೇರೆ ಹಳೇ ಬಸ್ಸು ಹುಡುಕಿ ಬಿಡಿಭಾಗ ತಂದರು. 2003ರ ಫೆಬ್ರುವರಿ 1ರಂದು ಹಸಿರು, ಬಿಳಿ, ಹಳದಿ ಬಣ್ಣದಲ್ಲಿ ಮಿರಮಿರ ಅಂತ ಹೊರಗೆ ಬಂತು. ಒಳಗೆ ಹೋಗಿ ಕೂರಬಹುದು. 2012ರಲ್ಲಿ ಅಧ್ಯಕ್ಷ ಒಬಾಮಾ ಕೂತ ಫೋಟೋ ನೋಡಿರುತ್ತೀರಿ. ಡೆಟ್ರಾಯಿಟ್ ಸುತ್ತ ಕಾರ್ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಕನ್ನಡದವರು ಊರಿಂದ ಬಂದ ಅಪ್ಪ-ಅಮ್ಮನನ್ನು ಕರಕೊಂಡು ಹೋಗುವ ಜಾಗ ಅದು, ಅಲ್ಲೊಂದು ಫೋಟೋ ಆಗಲೇಬೇಕು.

ನನಗೆ ಇಲ್ಲಿ ಸ್ವಲ್ಪ ತಕರಾರಿದೆ. ರಿಪೇರಿ ಚೆನ್ನಾಗಿದೆ, ತುಂಬಾ ಚೆನ್ನಾಗಿದೆ. ಆದರೆ ಈ ಬಸ್ಸಿಗೆ ಎರಡು ಚರಿತ್ರೆ ಇತ್ತು. ಒಂದು 1955ರ ಸಂಜೆಯದು. ಇನ್ನೊಂದು ಮೂವತ್ತು ವರ್ಷ ಯಾರಿಗೂ ಬೇಡವಾಗಿ ಹೊಲದಲ್ಲಿ ನಿಂತದ್ದು. ತುಕ್ಕು ಉಜ್ಜಿ ಬಣ್ಣ ಹೊಡೆದಾಗ ಎರಡನೆಯದು ಹೋಯಿತು. ಒಂದು ಪಕ್ಕವನ್ನಾದರೂ ಹಾಗೇ ಬಿಡಬಹುದಿತ್ತು ಅಂತ ನನಗನಿಸುತ್ತೆ. ಮಕ್ಕಳು ಒಳಗೆ ಕೂರಬೇಕಲ್ಲ, ಕೈಗೆ ತುಕ್ಕು ಚುಚ್ಚಿದರೆ ಅನ್ನುವ ಮಾತೂ ಇದೆ, ಒಪ್ಪುತ್ತೇನೆ.

ದೊಡ್ಡ ತೊಡಕು ಬೇರೆ. ಈ ಬಸ್ಸಿನೊಳಗೆ ಕೂತರೆ ನಿಮಗೆ ಕಾಣೋದು ಒಂದು ಬಸ್ಸು. ನಡುವಿನ 16 ಸೀಟಿಗೂ ಉಳಿದ 20ಕ್ಕೂ ನೋಡೋದಕ್ಕೆ ವ್ಯತ್ಯಾಸ ಇಲ್ಲ. ವಾಷಿಂಗ್ಟನ್‌ನ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂನಲ್ಲಿರುವ ಸದರ್ನ್ ರೈಲ್ವೇಯ 1200 ನಂಬರಿನ ಬೋಗಿ ಹಾಗಲ್ಲ. 1922ರಲ್ಲಿ ಪುಲ್‌ಮನ್ ಕಂಪನಿ ಕಟ್ಟಿದ್ದು, 1940ರಲ್ಲಿ ಎರಡು ಭಾಗ ಮಾಡಿ ಮತ್ತೆ ಸಜ್ಜುಮಾಡಿದ್ದು. 2013ರ ನವೆಂಬರ್‌ನಲ್ಲಿ ಕ್ರೇನ್‌ನಿಂದ ಗುಂಡಿಗೆ ಇಳಿಸಿ, ಆಮೇಲೆ ಅದರ ಸುತ್ತ ಮ್ಯೂಸಿಯಂ ಕಟ್ಟಿದರು. ಅದರಲ್ಲಿ ಕಪ್ಪು ಜನರ ಭಾಗದ ಶೌಚಾಲಯ ಚಿಕ್ಕದು, ಲಗೇಜ್ ಇಡೋಕೆ ಮೇಲೆ ಕಟ್ಟೆ ಇಲ್ಲ, ಪೆಟ್ಟಿಗೆಯನ್ನು ಕಾಲ ಹತ್ತಿರವೇ ಇಟ್ಟುಕೊಳ್ಳಬೇಕು. ಭೇದವನ್ನು ಬಡಗಿ, ಕಮ್ಮಾರರೇ ಕಟ್ಟಿಬಿಟ್ಟಿದ್ದಾರೆ, ಯಾರೂ ವಿವರಿಸೋದೇ ಬೇಡ. ಮಾಂಟ್‌ಗಮರಿ ಬಸ್ಸಿನಲ್ಲಿ ಭೇದ ಕಟ್ಟಿದ್ದು ಡ್ರೈವರ್, ಪ್ರತಿ ಸ್ಟಾಪಿನಲ್ಲಿ, ಹೊಸದಾಗಿ. ಡ್ರೈವರ್ ಇಳಿದ ಮೇಲೆ ಲೋಹದಲ್ಲಿ ಏನೂ ಉಳಿಯಲಿಲ್ಲ.

ಅದಕ್ಕೇ ಇರಬೇಕು, ಬಸ್ಸಿನ ಸುತ್ತ ಅಂಟಿಕೊಂಡ ಚಿತ್ರಗಳು ನಮ್ಮನ್ನು ಜಾಸ್ತಿ ದಾರಿ ತಪ್ಪಿಸುತ್ತವೆ. ಪಾರ್ಕ್ಸ್ ಕಿಟಕಿ ಹೊರಗೆ ನೋಡುತ್ತಾ ಕೂತಿರುವ, ಹಿಂದಿನ ಸೀಟಲ್ಲಿ ಬಿಳಿಯನೊಬ್ಬ ಇರುವ ಆ ಪ್ರಸಿದ್ಧ ಫೋಟೋ ಅರೆಸ್ಟ್ ದಿನದ್ದಲ್ಲ. ಅದು 1956ರ ಡಿಸೆಂಬರ್ 21ರದ್ದು, ಬಸ್ಸುಗಳು ಎಲ್ಲರಿಗೂ ಸಮ ಆದ ದಿನ. ಹಿಂದೆ ಕೂತವರು ಒಬ್ಬ ವರದಿಗಾರ. 7053 ನಂಬರ್ ಹಿಡಿದ ಪೊಲೀಸ್ ಫೋಟೋ ಕೂಡ ಡಿಸೆಂಬರ್ 1ರದ್ದಲ್ಲ, 1956ರ ಫೆಬ್ರುವರಿಯಲ್ಲಿ ಬಹಿಷ್ಕಾರ ನಡೆಸಿದ್ದಕ್ಕೆ ಹಲವರನ್ನು ಒಟ್ಟಿಗೆ ಹಿಡಿದಾಗ ತೆಗೆದದ್ದು. ಪಾಠಪುಸ್ತಕದಲ್ಲಿ ಎರಡನ್ನೂ ಆ ಸಂಜೆಯ ಚಿತ್ರ ಅಂತಲೇ ಹಾಕಿಬಿಡುತ್ತಾರೆ.

ಇರಬೇಕಾದ ಜಾಗ

ಕೊನೆಯ ತಕರಾರು ಊರಿನದು. ಘಟನೆ ನಡೆದ ಮಾಂಟ್‌ಗಮರಿಯಲ್ಲಿ, ಎಂಪೈರ್ ಥಿಯೇಟರ್ ಇದ್ದ ಜಾಗದಲ್ಲೇ, ಟ್ರಾಯ್ ವಿಶ್ವವಿದ್ಯಾಲಯದ ರೋಸಾ ಪಾರ್ಕ್ಸ್ ಮ್ಯೂಸಿಯಂ 2000ದಲ್ಲಿ ಶುರುವಾಯಿತು. ಅಲ್ಲಿರೋದು ಇದರ ಪ್ರತಿರೂಪ. ಅಸಲಿ ಬಸ್ಸು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರಕ್ಕೆ. ಆ ಊರಿನವರಿಗೆ ಬೇಸರ ಆದರೆ ತಪ್ಪಿಲ್ಲ. ಆದರೆ ಡಿಯರ್‌ಬಾರ್ನ್‌ಗೂ ಹಕ್ಕಿಲ್ಲ ಅನ್ನೋಕೆ ಆಗಲ್ಲ. ಬಸ್ಸು ಹುಟ್ಟಿದ ಪಾಂಟಿಯಾಕ್ ಅಲ್ಲಿಗೆ ಹತ್ತಿರ. ಕೆಲಸ ಕಳೆದುಕೊಂಡು, ಬೆದರಿಕೆ ತಾಳದೆ ಪಾರ್ಕ್ಸ್ 1957ರಲ್ಲಿ ಬಂದು ನೆಲೆಸಿದ್ದು ಪಕ್ಕದ ಡೆಟ್ರಾಯಿಟ್‌ನಲ್ಲಿ, 2005ರ ಅಕ್ಟೋಬರ್ 24ರಂದು ತೀರಿಕೊಂಡದ್ದೂ ಅಲ್ಲೇ. ಹಾಗಂತ ಡಿಯರ್‌ಬಾರ್ನ್ ಏನು ಪುಣ್ಯಕ್ಷೇತ್ರವಾ? 1942ರಿಂದ 1978ರವರೆಗೆ ಅಲ್ಲಿ ಮೇಯರ್ ಆಗಿದ್ದ ಆರ್ವಿಲ್ ಹಬ್ಬರ್ಡ್ ಕಪ್ಪು ಜನ ಊರೊಳಗೆ ಮನೆ ಮಾಡದ ಹಾಗೆ ನೋಡಿಕೊಳ್ಳೋದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದವರು. ದಕ್ಷಿಣದ ರಾಜ್ಯಗಳ ಬೇರ್ಪಡಿಕೆಯ ಕಾನೂನು ಅಲ್ಲಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವರ ಪ್ರತಿಮೆಯನ್ನು ಸಿಟಿ ಹಾಲ್ ಮುಂದಿನಿಂದ ತೆಗೆದದ್ದು 2015ರಲ್ಲಿ, ಬಸ್ಸು ಬಂದು ಹದಿನಾಲ್ಕು ವರ್ಷ ಆದ ಮೇಲೆ.

ಹೋಗುವವರಿಗೆ ಒಂದು ಮಾತು. ಹತ್ತುವ ಮೊದಲು ಮೊಬೈಲ್‌ನಲ್ಲಿ ಬ್ರೌಡರ್ ಕೇಸಿನ ಕಡತ ಹುಡುಕಿ. ಅಮೆರಿಕದ ರಾಷ್ಟ್ರೀಯ ದಾಖಲೆ ಸಂಗ್ರಹದವರು ಬಸ್ಸಿನ ಸೀಟುಗಳ ಒಂದು ನಕ್ಷೆಯನ್ನು, ಪೊಲೀಸ್ ವರದಿಯನ್ನು ಪುಕ್ಕಟೆ ಇಟ್ಟಿದ್ದಾರೆ. ಪಾರ್ಕ್ಸ್ ಕೂತ ಜಾಗವನ್ನು ನಕ್ಷೆಯಲ್ಲಿ ಗುರುತು ಮಾಡಿದ್ದಾರೆ. ಅದನ್ನು ಕೈಯಲ್ಲಿ ಹಿಡಿದು ಮುಂದಿನ 10 ಸೀಟು ಎಣಿಸಿ, ಅದರ ಹಿಂದಿನ ಸಾಲಿಗೆ ಬನ್ನಿ, ಆಮೇಲೆ ಫೋಟೋ ತೆಗೆಸಿಕೊಳ್ಳಿ.